ಬೇರೆಯವರ ಗಾಲಿಕುರ್ಚಿ

ಬಸ್ ಡಿಪೊದ ಮೆಕ್ಯಾನಿಕ್ ಮೂರು ವರ್ಷಗಳಿಂದ ತನ್ನ ಹೆಂಡತಿಯನ್ನು ಬೇರೆ ಯಾರ ಕೈಗೂ ಬಿಟ್ಟವನಲ್ಲ. ಅವಳಿಗೆ ಬಂದದ್ದು ನರಗಳು ಒಂದೊಂದಾಗಿ ಸೋಲುವ ಕಾಯಿಲೆ. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಅವಳ ಬೆರಳುಗಳಿಂದ ಮೊದಲು ಸೂಜಿ ಜಾರಿತು. ಆಮೇಲೆ ಕಾಲು ಹೋಯಿತು. ಈಗ ನಾಲಿಗೆಯೂ ತೊದಲುತ್ತಿತ್ತು. ಡಿಪೊದಲ್ಲಿ ಕೇಳಿಕೊಂಡು ಅವನು ಅರ್ಧ ಪಾಳಿ ಮಾಡಿಸಿಕೊಂಡಿದ್ದ. ಆ ನಾಲ್ಕು ಗಂಟೆ ಅವಳ ಅಕ್ಕ ಬಂದು ಕೂತಿರುತ್ತಿದ್ದಳು. ಕೂತಿರಬೇಕು, ಮುಟ್ಟುವ ಹಾಗಿರಲಿಲ್ಲ. ಎಬ್ಬಿಸುವುದು, ಮೈ ತೊಳೆಸುವುದು, ತಲೆ ಬಾಚುವುದು, ತುತ್ತಿಡುವುದು ಎಲ್ಲವೂ ಅವನದೇ. ಎಂಜಿನ್ ಬಿಚ್ಚಿ ಜೋಡಿಸುವವನ ಅಚ್ಚುಕಟ್ಟು, ಅದೇ ಮೌನ. ಅವಳು "ನಾನು ಹೋದ ಮೇಲೆ..." ಎಂದು ಬಾಯಿ ತೆರೆದರೆ ಮಾತ್ರ "ಬಿಡ್ತು ಅನ್ನು!" ಎಂದು ಗದರುತ್ತಿದ್ದ.

ಊರಿನ ಚರ್ಚಿನ ಧರ್ಮಕೇಂದ್ರದವರು ರೋಗಿಗಳನ್ನು ರೈಲಿನಲ್ಲಿ ದೇವಮಾತೆಯ ಕ್ಷೇತ್ರಕ್ಕೆ ಕರೆದೊಯ್ಯುತ್ತಾರೆಂದು ತಿಳಿದಾಗ ಹೋಗಲೇಬೇಕೆಂದು ಹಟ ಹಿಡಿದವಳು ಅವಳು. ಅವನು ದೇವರ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಹೊರಟ.

ರೈಲು ನಿಲ್ದಾಣದಲ್ಲೇ ತಕರಾರು ಶುರುವಾಯಿತು. ಯಾತ್ರೆಯ ಉಸ್ತುವಾರಿ ಹೊತ್ತ ಸಿಸ್ಟರ್, ನಲವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದವರು, ಪಟ್ಟಿ ನೋಡಿ ಹೇಳಿದರು: "ಇಲ್ಲಿ ಮನೆಯವರನ್ನ ಮನೆಯವರು ನೋಡ್ಕೊಳ್ಳೋ ಹಾಗಿಲ್ಲ. ನಿಮ್ಮ ಹೆಂಡತಿ ಜೊತೆ ಸೇವೆಗೆ ಬಂದಿರೋ ಅಂಚೆ ಕಚೇರಿಯ ಈ ಹುಡುಗಿ ಇರ್ತಾಳೆ. ನೀವು ಮೇಷ್ಟ್ರ ಕುರ್ಚಿ ತಳ್ಳಿ."

"ಸಿಸ್ಟರ್, ಅವಳನ್ನ ಹೇಗೆ ಎತ್ತಬೇಕು ಅಂತ ನನಗೊಬ್ಬನಿಗೇ ಗೊತ್ತು."

"ಅವರಿಗೆ ಬಾಯಿದೆಯಲ್ಲಪ್ಪ, ಹೇಳ್ತಾರೆ."

ಮೇಷ್ಟ್ರು ಎಂದರೆ ನಿವೃತ್ತ ಲೆಕ್ಕದ ಮೇಷ್ಟ್ರು. ಸಕ್ಕರೆ ಕಾಯಿಲೆಯಿಂದ ಎರಡೂ ಕಾಲು ಮಂಡಿಯವರೆಗೆ ಹೋಗಿದ್ದವು. ಮೆಕ್ಯಾನಿಕ್ ಹೆಂಡತಿಯಿದ್ದ ಬೋಗಿಯ ಕಡೆಗೇ ಕತ್ತು ಚಾಚುತ್ತ ಕುರ್ಚಿ ದಡಬಡ ತಳ್ಳಿದಾಗ, "ನಿಧಾನಕ್ಕಪ್ಪ, ನಾನೇನು ಎದ್ದು ಓಡಿಹೋಗೋನಲ್ಲ" ಎಂದರು.

ಗುರುತಿಲ್ಲದ ಮೈ ಅದು. ಎಲ್ಲಿ ನೋವು, ಎಲ್ಲಿ ಸಂಕೋಚ, ಒಂದೂ ತಿಳಿಯದು. "ಎಡಗಡೆಯಿಂದ ಎತ್ತಲಾ ಸಾರ್? ಹೊದಿಸ್ಲಾ? ನೀರು ಈಗ್ಲೇ ಬೇಕಾ?" ಹೀಗೆ ಹೆಜ್ಜೆಹೆಜ್ಜೆಗೂ ಕೇಳಬೇಕಾಯಿತು.

ಮರುದಿನ ಬೆಳಿಗ್ಗೆ ಕ್ಷೇತ್ರದಲ್ಲಿ ಬುಗ್ಗೆಯ ನೀರಿನ ಸ್ನಾನ. ಕಲ್ಲಿನ ತೊಟ್ಟಿ, ಕೊರೆಯುವ ನೀರು. ಇನ್ನೊಬ್ಬ ಸ್ವಯಂಸೇವಕನ ಜೊತೆ ಸೇರಿ ಅವನು ಮೇಷ್ಟ್ರನ್ನು ಇಳಿಸಿದ. ಅವರು ಅವನ ಕುತ್ತಿಗೆಯನ್ನು ಗಟ್ಟಿಯಾಗಿ ಅಪ್ಪಿ ಏನನ್ನೋ ಪ್ರಾರ್ಥಿಸಿದರು. ಮೇಲೆತ್ತಿದಾಗ, "ನೋಡು, ಬೆರಳಾದ್ರೂ ಚಿಗುರಿದೆಯಾ?" ಎಂದು ನಗಲು ಹೋದವರ ಕಣ್ಣಲ್ಲಿ ನೀರು ತುಂಬಿತ್ತು.

ಮೈ ಒರೆಸುವಾಗ ಅವರು ಕೇಳಿದರು: "ನಿನ್ನ ಹೆಂಡತೀನೂ ಹೀಗೇ ಕೇಳಿ ಕೇಳಿ ನೋಡ್ಕೋತೀಯಾ?"

"ಅವಳನ್ನ ಕೇಳೋದೇನಿದೆ ಸಾರ್? ನನಗೆಲ್ಲಾ ಗೊತ್ತು."

"ನನ್ನವಳೂ ಹಾಗೇ ಅಂತಿದ್ಲು. ಆರು ವರ್ಷ ನನ್ನ ಚಾಕರಿ ಮಾಡಿದ್ಲು, ಪುಣ್ಯಾತ್ಗಿತ್ತಿ. ಒಂದು ದಿನ ಅವಳೇ ಎದೆ ಹಿಡ್ಕೊಂಡು ಕುಸಿದು ತೀರ್ಕೊಂಡ್ಲು. ಎಷ್ಟು ತಿಂಗಳಿಂದ ನೋವಿತ್ತೋ. ಅವಳು ನನ್ನ ಕೇಳ್ಲಿಲ್ಲ, ನಾನೂ ಅವಳನ್ನ ಕೇಳ್ಲಿಲ್ಲ."

ಮೆಕ್ಯಾನಿಕ್ ಅವರ ಅಂಗಿಯ ಗುಂಡಿಗಳನ್ನು ಹಾಕಿ ಮುಗಿಸಿದ.

ಮಧ್ಯಾಹ್ನ ಚರ್ಚಿನ ಮುಂದಿನ ಬಯಲಿನಲ್ಲಿ ರೋಗಿಗಳ ಆಶೀರ್ವಾದ. ಗಾಲಿಕುರ್ಚಿಗಳೂ ಮಂಚಗಳೂ ಸಾಲಾಗಿ ನಿಂತಿದ್ದವು. ಎದುರು ಸಾಲಿನಲ್ಲಿ ಹೆಂಡತಿ ಕಂಡಳು. ಅಂಚೆ ಕಚೇರಿಯ ಹುಡುಗಿ ಬಾಗಿ ಏನೋ ಹೇಳುತ್ತಿದ್ದಳು, ಇವಳು ನಗುತ್ತಿದ್ದಳು. ಬೈತಲೆ ಪಕ್ಕಕ್ಕೆ ತೆಗೆದಿತ್ತು. ಮದುವೆಯಾದ ಹೊಸತರಲ್ಲಿ ಹಾಗೆ ತೆಗೆಯುತ್ತಿದ್ದಳು. ಮೂರು ವರ್ಷಗಳಿಂದ ಅವನು ಸುಲಭವೆಂದು ಕೂದಲನ್ನೆಲ್ಲ ಹಿಂದಕ್ಕೆ ಎಳೆದು ಕಟ್ಟಿಬಿಡುತ್ತಿದ್ದ. ಹುಡುಗಿ ಕೇಳಿರಬೇಕು, ಇವಳು ಹೇಳಿರಬೇಕು.

ಫಾದರ್ ಪರಮಪ್ರಸಾದದ ಪವಿತ್ರ ರೊಟ್ಟಿ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು ಬಂದರು. ಅಲ್ಲೊಂದು ಇಲ್ಲೊಂದು ಕೆಮ್ಮು ಬಿಟ್ಟರೆ ಬಯಲೆಲ್ಲ ನಿಶ್ಶಬ್ದ. ಮೇಷ್ಟ್ರ ಹಿಂದೆ ನಿಂತಿದ್ದ ಮೆಕ್ಯಾನಿಕ್‌ನ ಮಂಡಿಗಳು ತಾವಾಗಿಯೇ ನೆಲಕ್ಕಿಳಿದವು. ಏನು ಬೇಡಬೇಕೆಂದು ಮಾತ್ರ ತೋಚಲಿಲ್ಲ.

ಹಿಂತಿರುಗುವ ರೈಲಿನಲ್ಲಿ ಸಿಸ್ಟರ್ ಅಪ್ಪಣೆ ಪಡೆದು ಹೆಂಡತಿಯ ಪಕ್ಕ ಕೂತ. ಹೊರಗೆ ಬೆಳಗಿನ ಬಿಸಿಲು.

"ನಿನಗೇನು ಬೇಕು?" ಎಂದ. "ನಿಜವಾಗ್ಲೂ ಕೇಳ್ತಿದ್ದೀನಿ."

ಅವಳು ಅವನತ್ತ ಕತ್ತು ಹೊರಳಿಸಿದಳು. "ಗದರಲ್ಲ ತಾನೇ?"

"ಇಲ್ಲ."

ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದಳು: "ರೀ, ಉಸಿರಾಡೋಕೆ ಆಗದೆ ಹೋದಾಗ... ಗಂಟಲು ಕೊಯ್ದು ಮಷಿನ್ ಹಾಕಿಸ್ಬೇಡಿ. ಮನೇಲೇ ಇಟ್ಕೊಳ್ಳಿ. ಫಾದರ್‌ನ ಕೇಳಿದೀನಿ, ಪಾಪ ಅಲ್ಲ ಅಂದ್ರು. ಮತ್ತೆ... ಅಕ್ಕನ್ನ ಮುಟ್ಟೋಕೆ ಬಿಡಿ. ನನ್ನ ಎತ್ತುವಾಗ ನಿಮ್ಮ ಕೈ ನಡುಗುತ್ತೆ. ನನಗೆ ಗೊತ್ತಾಗುತ್ತೆ."

"ಅಲ್ಲಿ ಮಾತೆ ಹತ್ರ ಕೇಳ್ಕೊಂಡಿದ್ದು ಇದನ್ನೇನಾ?"

"ಊಹೂಂ. ನಾನು ಇದನ್ನ ಹೇಳೋಕೆ ನೀವು ಬಿಡೋ ಹಾಗಾಗ್ಲಿ ಅಂತ."

ಊರು ಬರುವವರೆಗೂ ಅವರು ಮಾತಾಡಿದರು. ಯಾರನ್ನು ಕರೆಸಬೇಕು, ಯಾವ ಬಟ್ಟೆ ಉಡಿಸಬೇಕು, ಅವನು ಒಬ್ಬನೇ ಆದಾಗ ಏನು ಮಾಡಬೇಕು. ನಡುನಡುವೆ ಅತ್ತರು. ಅವನು ಒಲೆ ಮೇಲಿಟ್ಟದ್ದನ್ನೆಲ್ಲ ಸೀಯಿಸುವುದನ್ನು ನೆನೆದು ಒಮ್ಮೆ ಜೋರಾಗಿ ನಕ್ಕರು.

ಮುಂದಿನ ವರ್ಷ ಅವಳ ಉಸಿರು ಸೋಲತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರು ಮಷಿನ್ನಿನ ವಿಷಯ ತೆಗೆದು, "ನಿಮ್ಮ ತೀರ್ಮಾನವೇನು?" ಎಂದರು.

"ತೀರ್ಮಾನ ಅವಳದು ಸಾರ್" ಎಂದ ಮೆಕ್ಯಾನಿಕ್. "ಬೇಡ ಅಂದಿದ್ದಾಳೆ. ಮನೆಗೆ ಕರ್ಕೊಂಡು ಹೋಗ್ತೀನಿ."

ಮನೆಯಲ್ಲಿ ಹನ್ನೊಂದು ದಿನ ಇದ್ದಳು. ಅಕ್ಕ ಮೈ ಒರೆಸುವಾಗ ಅವನು ಬೆನ್ನಿಗೆ ಆಸರೆಯಾಗಿ ಕೂರುತ್ತಿದ್ದ. ಅಕ್ಕ ಒತ್ತಾಯ ಮಾಡಿದರೆ ಹೋಗಿ ಒಂದು ಗಂಟೆ ಮಲಗುತ್ತಿದ್ದ. ಫಾದರ್ ಬಂದು ಹಣೆಗೂ ಅಂಗೈಗೂ ಪವಿತ್ರ ತೈಲ ಹಚ್ಚಿ ಹೋದ ಮಧ್ಯಾಹ್ನ, ಒಂದು ಕೈ ಅಕ್ಕನ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ ಇದ್ದಾಗ ಅವಳ ಉಸಿರು ನಿಂತಿತು. ಎಷ್ಟೋ ಹೊತ್ತು ಇಬ್ಬರೂ ಕೈ ಬಿಡಲಿಲ್ಲ. ಆಮೇಲೆ ಅಕ್ಕ ಎದ್ದು ಕಿಟಕಿ ತೆರೆದಳು.