ಬೂದಿಬಣ್ಣದ ಚೌಕಗಳು

ಊರೆಲ್ಲ ಬಳಿಯಪ್ಪ ಎಂದು ಕರೆಯುತ್ತಿದ್ದ ಆ ಪೇಂಟರ್ ಗೋಡೆಬರಹ ಅಳಿಸಲು ನಿಂತರೆ ಸೂರ್ಯನೂ ಒಂದು ಗಳಿಗೆ ನಿಂತು ನೋಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಕೋಟಿ ಗೋಡೆ ನುಂಗಿದ ಬ್ರಷ್ ಅವನದು. ಯಾರದೋ ಪ್ರೇಮ, ಯಾರದೋ ಬೈಗುಳ, ಯಾವುದೋ ಪಕ್ಷದ ಜಯಕಾರ, ಎಲ್ಲವೂ ಅವನ ಬೂದಿಬಣ್ಣದ ಚೌಕಗಳಡಿ ಗೊರಕೆ ಹೊಡೆಯುತ್ತಿದ್ದವು. ಮನೆಮನೆಯ ಉಳಿಕೆ ಡಬ್ಬಿಗಳನ್ನು ಒಂದೇ ಬಕೆಟ್ಟಿಗೆ ಸುರಿದು ಕಲಸಿದ ಬಣ್ಣವದು. ಭೂಮಂಡಲದ ಯಾವ ಗೋಡೆಗೂ ಹೊಂದುತ್ತಿರಲಿಲ್ಲ. ಅವನ ವಿದ್ಯೆಯ ಗುಟ್ಟು ಒಂದೇ: ಗೋಡೆಯ ಮೇಲೆ ಏನಿದೆ ಎಂದು ನೋಡಬಾರದು. "ಓದಿದ್ರೆ ಕೈ ಸೋಮಾರಿ ಆಗುತ್ತೆ" ಎನ್ನುತ್ತಿದ್ದ. ಕಣ್ಣು ಅರ್ಧ ಮುಚ್ಚಿ, ಕಲೆ ಕಂಡಲ್ಲಿ ಎರಡು ಸಲ ಎಳೆದು, ಮುಂದಕ್ಕೆ.

ಬ್ರಷ್ ಹಿಡಿಯಲು ಕಲಿಸಿದವನು ಅಣ್ಣ. ಅಪ್ಪ ಸತ್ತ ಮೇಲೆ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಅಂಗಡಿಗಳ ಬೋರ್ಡು ಬರೆದವನು. ಅವನ ಅಕ್ಷರ ಕುರುಡರಿಗೂ ಕಾಣುತ್ತಿತ್ತೆಂದರೆ ನಂಬಬೇಕು. ಎಪ್ಪತ್ತು ದಾಟಿದ ಅಣ್ಣ ಈಗ ತಮ್ಮನ ಮನೆಯಲ್ಲೇ ಇದ್ದ. ಸಂಜೆ ಬಸ್ ಡಿಪೋವರೆಗೆ ನಡೆದುಹೋಗಿ ಟೀ ಕುಡಿದು ಬರುವುದೇ ಅವನ ದಿನಚರಿ. ಈಚೆಗೆ "ಊಟ ಆಯ್ತೇನೋ?" ಎಂದು ನಿಂತಲ್ಲೇ ಮೂರು ಸಲ ಕೇಳುತ್ತಿದ್ದ. "ಅಣ್ಣಂಗೆ ಯಾವಾಗ್ಲೂ ನನ್ ಹೊಟ್ಟೆದೇ ಚಿಂತೆ" ಎಂದು ಬಳಿಯಪ್ಪ ನಗುತ್ತಿದ್ದ. ಅವನ ಹೆಂಡತಿ ನಗುತ್ತಿರಲಿಲ್ಲ.

ಅಷ್ಟರಲ್ಲಿ ಬಡಾವಣೆಯ ಗೋಡೆಗಳ ಮೇಲೆ ನೀಲಿ ಗುರುತುಗಳು ಮೂಡತೊಡಗಿದವು. ಹೆಬ್ಬೆರಳುದ್ದದವು, ತಿರುವಿಗೊಂದೊಂದು. ಬಡಾವಣೆ ಸಂಘದ ಸಭೆಯಲ್ಲಿ ಛಾವಣಿ ಹಾರುವಷ್ಟು ಗಲಾಟೆ.

"ಕಳ್ಳರ ಗುರುತು ಕಣ್ರೀ, ಯಾವ ಮನೆ ಒಡೀಬೇಕು ಅಂತ" ಎಂದ ಔಷಧಿ ಅಂಗಡಿಯವನು. ಸಂಘದ ಅಧ್ಯಕ್ಷನೂ ಅವನೇ.

"ಕಳ್ಳರು ಇಷ್ಟು ಮುದ್ದಾಗಿ ಬರೀತಾರಾ?" ಎಂದರು ನಿವೃತ್ತ ಟೀಚರಮ್ಮ. "ಯಾರು, ಯಾಕೆ ಅಂತ ಮೊದ್ಲು ತಿಳ್ಕೊಳ್ಳೋಣ. ಒಂದು ವಾರ ತಡೀರಿ. ಎಲ್ಲಾ ಗುರುತೂ ಡಿಪೋಗೆ ಬೆನ್ನು ಹಾಕಿವೆ, ನೋಡಿದ್ರಾ?"

ಬಳಿಯಪ್ಪ ಎದ್ದು ನಿಂತ. "ಟೀಚರಮ್ಮಾ, ಹೆಸರು ಕೇಳ್ಕೊಂಡು ಯಾರಾದ್ರೂ ಹೇನು ಕುಕ್ತಾರಾ? ನಾಳೆ ಸಂಜೆಯೊಳಗೆ ಒಂದೂ ಇರಲ್ಲ. ಇದ್ರೆ ಮೀಸೆ ಬೋಳಿಸ್ತೀನಿ!"

ಚಪ್ಪಾಳೆ ಬಿತ್ತು. ಟೀಚರಮ್ಮನ ಮಾತು ಅದರಡಿ ಸಿಕ್ಕಿ ಸತ್ತಿತು.

ಮರುದಿನ ಡಿಪೋದಿಂದ ಶುರುಮಾಡಿ, ಗಾಳಿಯೂ ಹಿಂದೆ ಬೀಳುವ ವೇಗದಲ್ಲಿ ಅಳಿಸುತ್ತ ಬಂದ. ನಲವತ್ತಮೂರು ಗುರುತು. ಕೊನೆಯದು ಅವನದೇ ಗೇಟಿನ ಪಕ್ಕ. "ನನ್ ಗೋಡೆಗೇ ಬಂದ್ಯಾ ಮಗನೇ!" ಎಂದು ಅದಕ್ಕೆ ಮೂರು ಸಲ ಎಳೆದ. ಒಳಗೆ ಹೋದರೆ ಅಣ್ಣ ಆಗಲೇ ಟೀಗೆ ಹೊರಟುಹೋಗಿದ್ದ. ಗೋಡೆಗೆ ಮುಖ ಮಾಡಿ ನಿಂತಿದ್ದ ಬಳಿಯಪ್ಪ ಅವನು ಹಿಂದಿನಿಂದ ಹಾದುಹೋದದ್ದನ್ನೂ ನೋಡಿರಲಿಲ್ಲ.

ದೀಪ ಹಾಕುವ ಹೊತ್ತಾಯಿತು. ಅಣ್ಣ ಬರಲಿಲ್ಲ.

"ರೀ, ನೀವು ಅಳಿಸಿದ ಗುರುತು ಹೇಗಿತ್ತು?" ಎಂದು ಹೆಂಡತಿ ಕೇಳಿದಳು.

"ನಂಗೇನ್ ಗೊತ್ತು? ನಾನು ನೋಡೋನಲ್ಲ ಕಣೆ, ಅಳಿಸೋನು."

ಅವಳು ಅಣ್ಣನ ಮಂಚದಡಿಯಿಂದ ಒಂದು ಪುಟ್ಟ ಡಬ್ಬಿ, ಸಣ್ಣ ಬ್ರಷ್, ಒಂದು ಚೀಟಿ ತಂದು ಅವನ ಮುಂದಿಟ್ಟಳು. ಡಬ್ಬಿಯಲ್ಲಿ ನೀಲಿ. "ಬೆಳಿಗ್ಗೆ ಗುಡಿಸುವಾಗ ಡಬ್ಬಿ ಕಾಣಿಸ್ತು. ಭಾವ ಮತ್ತೆ ಬೋರ್ಡು ಬರೀತಾರೇನೋ ಅಂದ್ಕೊಂಡೆ. ಚೀಟಿ ಈಗ ಬಿಡಿಸಿದೆ."

ಚೀಟಿಯಲ್ಲಿ ಅಣ್ಣನ ಮುತ್ತಿನಂಥ ಅಕ್ಷರ: 'ಮೀನಿನ ಮೂತಿ ಇರೋ ಕಡೆ ಮನೆ.'

ಮೀನು. ಬರೆದ ಪ್ರತಿ ಬೋರ್ಡಿನ ಮೂಲೆಯಲ್ಲೂ ಸಹಿಯ ಬದಲು ಅಣ್ಣ ಬಿಡಿಸುತ್ತಿದ್ದ ಮೀನು. ಬಳಿಯಪ್ಪ ಅಕ್ಷರಕ್ಕಿಂತ ಮೊದಲು ಕಲಿತದ್ದು ಅದನ್ನೇ.

ಇಡೀ ಬಡಾವಣೆ ಹುಡುಕಿತು. ಔಷಧಿಯವನು ಅಂಗಡಿ ಮುಚ್ಚಿ ಸ್ಕೂಟರ್ ತೆಗೆದ. ಮರುದಿನ ಮಧ್ಯಾಹ್ನ, ಏಳು ಸಮುದ್ರ ದಾಟಿದಷ್ಟು ದೂರದ ಗೋದಾಮಿನ ಗೋಡೆಯೆದುರು ಅಣ್ಣ ಸಿಕ್ಕಿದ. ದಾರಿಯುದ್ದಕ್ಕೂ ಬೂದಿಬಣ್ಣದ ಚೌಕ ಕಂಡಲ್ಲೆಲ್ಲ ಉಗುರಿನಿಂದ ಕೆರೆದಿದ್ದ. ತಮ್ಮ ಇಪ್ಪತ್ತು ವರ್ಷ ಬಳಿದ ಚೌಕಗಳು, ಲೆಕ್ಕವಿಲ್ಲದಷ್ಟು. ಒಂದರಡಿ ಯಾರದೋ ಹೆಸರು, ಇನ್ನೊಂದರಡಿ ಯಾರದೋ ಬೈಗುಳ. ಎಂಟು ಉಗುರು ಕಿತ್ತುಬಂದಿದ್ದವು. ಇದೊಂದನ್ನು ಮಾತ್ರ ಉಬ್ಬಿಸಿ ಹೇಳಿದ್ದಲ್ಲ.

"ಇಲ್ಲೇ ಎಲ್ಲೋ ಇತ್ತು" ಎಂದ ಅಣ್ಣ, ತಮ್ಮನ ಮುಖ ನೋಡದೆ.

"ಅಣ್ಣಾ, ನಂಗೆ ಒಂದು ಮಾತು ಹೇಳಬಾರ್ದಿತ್ತಾ?"

"ಏನಂತ ಹೇಳ್ಲಿ? ದಾರಿ ತೋರಿಸಿದೋನಿಗೆ ದಾರಿ ಮರೀತು ಅಂತಲಾ?"

ಅಣ್ಣನ ಕೈಗೆ ಕಟ್ಟಿದ ಪಟ್ಟಿ ಬಿಚ್ಚಲು ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಬಳಿಯಪ್ಪ ಸಂಘದವರನ್ನು ಕೇಳಿ, ಅಣ್ಣನ ಬ್ರಷ್ಷಿನಿಂದಲೇ ನಲವತ್ತಮೂರು ಮೀನನ್ನೂ ಮತ್ತೆ ಬರೆದ. ಯಾರೂ ಎದುರಾಡಲಿಲ್ಲ. ಟೀಚರಮ್ಮ ಜೊತೆಗೆ ನಡೆದು, ಯಾವ ಮೀನು ಯಾವ ಎತ್ತರದಲ್ಲಿತ್ತು ಎಂದು ತೋರಿಸಿದರು. ಅವರು ನೋಡಿಟ್ಟಿದ್ದರು. ಮೀನುಗಳೇನೋ ಗೆಣಸಿನ ಹಾಗಾದವು. ಮೂತಿ ಮಾತ್ರ ಮನೆಯ ಕಡೆಗೇ ಇತ್ತು.

ಪಟ್ಟಿ ಬಿಚ್ಚಿದ ಸಂಜೆ ಅಣ್ಣನನ್ನು ಡಿಪೋಗೆ ಕರೆದುಕೊಂಡು ಹೋದ. ಟೀ ಕುಡಿದು ಹಿಂದಿರುಗುವಾಗ, "ಅಣ್ಣಾ, ನೀನೇ ಮುಂದೆ ನಡಿ" ಎಂದು ಎರಡು ಹೆಜ್ಜೆ ಹಿಂದೆ ಉಳಿದ. ಮೊದಲ ತಿರುವಿನಲ್ಲಿ ಅಣ್ಣ ನಿಂತ. ಮೀನಿನ ಮೇಲೆ ಬೆರಳಾಡಿಸಿದ.

"ಯಾವನೋ ದರಿದ್ರದೋನು ಗೋಡೆ ಹಾಳು ಮಾಡಿದಾನೆ" ಎಂದ ಅಣ್ಣ. "ಅಳಿಸಿಬಿಡಪ್ಪ. ನೀನು ಅಳಿಸೋನಲ್ವಾ?"

"ಹೂಂ, ಅಣ್ಣ. ಅಳಿಸ್ತೀನಿ."

ಬಳಿಯಪ್ಪ ಮುಂದೆ ಬಂದು ಅವನ ಕೈ ಹಿಡಿದ. ಉಗುರು ಇನ್ನೂ ಬಂದಿರಲಿಲ್ಲ, ಮೆಲ್ಲಗೆ ಹಿಡಿಯಬೇಕಿತ್ತು. ಉಳಿದ ನಲವತ್ತೆರಡನ್ನೂ ಒಂದೊಂದಾಗಿ ನೋಡುತ್ತ ಮನೆಯ ಕಡೆ ನಡೆದ.

"ಊಟ ಆಯ್ತೇನೋ?" ಎಂದು ಅಣ್ಣ ಕೇಳಿದ.