ಏಳನೆಯ ಗಿಡಕ್ಕೆ ಬಾಗಿಲು ತೆರೆದವರು

ಸೋಮವಾರ ಬೆಳಿಗ್ಗೆ ನೀಲಿ ದೀಪದ ಕೆಳಗೆ ಏಳನೆಯ ಗಿಡದ ಎಲೆ ಹಿಡಿದ ಸಂಶೋಧಕಿ ದೀಪವನ್ನು ಇನ್ನಷ್ಟು ಹತ್ತಿರ ಎಳೆದಳು. ಎಲೆಯ ಮೇಲೆ ಬಟಾಣಿ ಗಾತ್ರದ ಹಸಿರು ಹೊಳಪು.

ಅದು ಇರಬಾರದಿತ್ತು. ಗಿಡದ ಕೋಶಗಳ ನಡುವಿನ ಗೋಡೆಯಲ್ಲಿ ಕಿಂಡಿಗಳಿವೆ, ಆದರೆ ವೈರಸ್ ನುಸುಳುವಷ್ಟು ಅಗಲವಿಲ್ಲ. ವೈರಸ್ಸೇ ಮಾಡಿಸಿಕೊಳ್ಳುವ ಒಂದು ಪ್ರೋಟೀನು ಕಿಂಡಿಯನ್ನು ಹಿಗ್ಗಿಸಿ ದಾರಿ ಬಿಡಿಸುತ್ತದೆ. ಆ ಪ್ರೋಟೀನನ್ನು ಕಿತ್ತು, ಹೊಳೆಯುವ ಗುರುತು ಅಂಟಿಸಿದ ವೈರಸನ್ನು ಅವಳು ಹನ್ನೆರಡು ಹೊಗೆಸೊಪ್ಪಿನ ಗಿಡಗಳಿಗೆ ಹಚ್ಚಿದ್ದಳು. ಹನ್ನೊಂದರಲ್ಲಿ ಅದು ಹೊಕ್ಕ ಕೋಶದಲ್ಲೇ ಕೂತಿತ್ತು. ಏಳನೆಯದರಲ್ಲಿ ಊರು ಸುತ್ತಿತ್ತು. ಕಾರಣ ಸಿಗದಿದ್ದರೆ ಶುಕ್ರವಾರ ಅವಳ ಗೈಡ್ ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ. ಇನ್ನೊಂದು ವರ್ಷ ಮಣ್ಣುಪಾಲು.

"ಇದನ್ನ ಯಾರು ಮುಟ್ಟಿದ್ರು?" ಅಟೆಂಡರನ್ನು ಕೇಳಿದಳು.

"ಬಾಗಿಲ ಪಕ್ಕದ ಗಿಡ ಅಲ್ವಾ ಮೇಡಂ? ಸರ್ ದಿನಾ ಬೆನ್ನು ತಟ್ಟಿದ ಹಾಗೆ ತಟ್ತಾರೆ."

"ಹಾಲಲ್ಲಿ ಕೈ ಅದ್ದಲ್ವಾ?" ಕೈಗಂಟಿದ ವೈರಸ್ ಸೋಲಲಿ ಎಂದು ಹಾಲಿನ ಪುಡಿ ಕದಡಿದ ನೀರಲ್ಲಿ ಕೈ ಅದ್ದದೆ ಒಳಹೋಗಬಾರದೆಂಬ ನಿಯಮ ಮಾಡಿದವರೇ ಈ ಸರ್, ಅವಳ ಗೈಡ್.

"ಶಾಸ್ತ್ರೋಕ್ತವಾಗಿ ಅದ್ದಿ ಒರೆಸ್ಕೋತಾರೆ. ಆಮೇಲೆ ಒಂದು ಚಿಟಿಕೆ ನಶ್ಯ ಏರಿಸಿ ಒಳಗೆ ಬರ್ತಾರೆ."

ನಶ್ಯವೆಂದರೆ ಹೊಗೆಸೊಪ್ಪಿನ ಪುಡಿ. ಅದರಲ್ಲಿ ಗಿಡದ ವೈರಸ್ ಜೀವಂತ ಉಳಿಯಬಲ್ಲದು. ಅಟೆಂಡರ್ ಗೈಡ್ ಅವರ ಡಬ್ಬಿಯಿಂದ ಒಂದು ಚಿಟಿಕೆ ಹಾರಿಸಿ ತಂದ. ಅದನ್ನು ಉಜ್ಜಿದ ಪರೀಕ್ಷೆಯ ಎಲೆಯಲ್ಲಿ ಮೂರೇ ದಿನಕ್ಕೆ ಚುಕ್ಕೆಗಳೆದ್ದವು. ಏಳನೆಯ ಗಿಡದಲ್ಲೂ ಅದೇ, ಪ್ರೋಟೀನು ಕೀಳದ ವೈರಸ್ ಸಿಕ್ಕಿತು.

ಶುಕ್ರವಾರ ಗೈಡ್ ಎಲ್ಲವನ್ನೂ ಎರಡು ಸಲ ನೋಡಿದರು.

"ಅಂದ್ರೆ ನನ್ನ ಮೂಗು ನಿನ್ನ ಪ್ರಬಂಧ ಕೆಡಿಸ್ತು."

"ಗಟ್ಟಿ ಮಾಡ್ತು ಸರ್. ನಶ್ಯದ ವೈರಸ್ ಕಿಂಡಿ ತೆರೀತು. ಟಿಕೆಟ್ ಇದ್ದವರ ಹಿಂದೆ ನುಸುಳಿದ ಹಾಗೆ ನನ್ನದೂ ನುಸುಳ್ತು. ಆ ಪ್ರೋಟೀನ್ ಇಲ್ದೆ ನಡೆಯಲ್ಲ, ಸಾಲ ಸಿಕ್ಕಿದ್ರೆ ನಡೆಯುತ್ತೆ."

ಗೈಡ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ನಶ್ಯ ಯಾರದು ಅಂತ ಪರೀಕ್ಷಕರು ಕೇಳಿದ್ರೆ?"

ಅವಳು ಅವರ ಜೇಬಿನ ನಶ್ಯದ ಡಬ್ಬಿಯತ್ತ ನೋಡಿದಳು.

"ಅಟೆಂಡರದು ಅನ್ನು."

"ನಂಗೆ ವಾಸನೆಗೇ ಸೀನು ಬರುತ್ತೆ ಸರ್, ಇಡೀ ಕಟ್ಟಡಕ್ಕೆ ಗೊತ್ತು," ಬಾಗಿಲಿನಿಂದ ದನಿ ಬಂತು.

ಗೈಡ್ ನಿಟ್ಟುಸಿರು ಬಿಟ್ಟು, ಪ್ರಬಂಧದಲ್ಲಿದ್ದ ಏಳನೆಯ ಗಿಡದ ಚಿತ್ರದ ಕೆಳಗೆ ತಾವೇ ಬರೆದರು: "ಸೋಂಕಿನ ಮೂಲ: ಮಾರ್ಗದರ್ಶಕರ ನಶ್ಯ, ದಿನಕ್ಕೆ ಒಂದು ಚಿಟಿಕೆ."

ಅಟೆಂಡರ್ ಬಗ್ಗಿ ಓದಿದ. "ನಾಲ್ಕು, ಸರ್."

ಗೈಡ್ ಒಂದನ್ನು ಹೊಡೆದುಹಾಕಿ ನಾಲ್ಕು ಮಾಡಿ ಸಹಿ ಹಾಕಿದರು.