ಬ್ರೇಕಿಗೆ ಒಂದು ಹನಿ ಎಣ್ಣೆ

ನಮ್ಮ ಮನೆಯಲ್ಲಿ ಒಂದು ವೇದವಾಕ್ಯವಿದೆ: ಕಿರ್ ಅಂದರೆ ಎಣ್ಣೆ ಹಾಕು. ನಾವು ಗಂಡ ಹೆಂಡತಿ ಇಬ್ಬರೂ ದರ್ಜಿಗಳು. ಹೊಲಿಗೆ ಯಂತ್ರ, ಕತ್ತರಿ, ಅಂಗಡಿಯ ಶಟರು, ಮಲಗುವ ಕೋಣೆಯ ಬಾಗಿಲು, ಯಾವುದು ಸದ್ದು ಮಾಡಿದರೂ ನಮ್ಮ ಯಜಮಾನರು ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಹಾಜರ್. ಸದ್ದು ಮಾಡಿಯೂ ಎಣ್ಣೆ ಬೀಳದೆ ಉಳಿದಿರುವವಳು ನಾನೊಬ್ಬಳೇ.

ಮಗಳಿಗೆ ಹೊಲಿಗೆ ಒಗ್ಗಲಿಲ್ಲ. ಅವಳ ಜೀವವೆಲ್ಲ ಗುಡ್ಡ ಹತ್ತಿ ಇಳಿಯುವ ದಪ್ಪ ಟೈರಿನ ಸೈಕಲ್ಲಿನ ಮೇಲೆ. ಊರಾಚೆಯ ಗುಡ್ಡದಲ್ಲಿ, ಬಂದವರನ್ನು ಸೈಕಲ್ ಮೇಲೆ ಸುತ್ತಾಡಿಸಿ ಕರೆತರುವ ಕೆಲಸವೊಂದು ಖಾಲಿ ಇತ್ತು. ವರ್ಷವಿಡೀ ಅದರದೇ ಜಪ. ಅವತ್ತು ಮಧ್ಯಾಹ್ನ ಪರೀಕ್ಷೆ. ಕಡಿದಾದ ಇಳಿಜಾರಿನಲ್ಲಿ ಜೋರಾಗಿ ಬಂದು, ಸುಣ್ಣದಲ್ಲಿ ಎಳೆದ ಗೆರೆ ದಾಟದೆ ನಿಲ್ಲಬೇಕು. ನಿಂತರೆ ಕೆಲಸ, ದಾಟಿದರೆ ಮನೆ.

ಬೆಳಿಗ್ಗೆ ನೋಡಿದರೆ ಮುಂದಿನ ಬ್ರೇಕು ಹತ್ತಿಯಾಗಿಬಿಟ್ಟಿತ್ತು. ಹಿಡಿ ಒತ್ತಿದರೆ ಸೀದಾ ಹೋಗಿ ಹ್ಯಾಂಡಲ್ಲಿಗೆ ತಾಗುತ್ತಿತ್ತು.

"ಈ ಬ್ರೇಕು ನಡೆಯೋದೇ ಪೈಪೊಳಗಿನ ಎಣ್ಣೆಯಿಂದ ಅಮ್ಮ. ಅದರೊಳಗೆ ಗಾಳಿ ಸೇರ್ಕೊಂಡಿದೆ. ಎಣ್ಣೆಯನ್ನ ಒತ್ತಿದ್ರೆ ಅದು ಮುಂದಕ್ಕೆ ತಳ್ಳುತ್ತೆ. ಗಾಳಿನ ಒತ್ತಿದ್ರೆ ಸುಮ್ನೆ ಮುದುಡ್ಕೊಳ್ಳುತ್ತೆ."

"ನಿಮ್ಮಪ್ಪನ ಥರ," ಅಂದೆ.

ಗಿರಾಕಿಗಳ ಬಟ್ಟೆಯನ್ನೆಲ್ಲ ಒಳಗೆ ಸಾಗಿಸಿ, ನೆಲಕ್ಕೆ ಹಳೇ ಪತ್ರಿಕೆ ಹಾಸಿದೆವು. ಅವಳು ಚಕ್ರ ಬಿಚ್ಚಿದಳು. ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಕಚ್ಚಿ ಹಿಡಿಯುವ ಎರಡು ಪುಟ್ಟ ಪ್ಯಾಡುಗಳನ್ನು ತೆಗೆದು ದೂರ ಇಟ್ಟಳು. ಹಿಡಿಯ ತುದಿಗೆ ಒಂದು ಚಿಕ್ಕ ಬಟ್ಟಲು ತಿರುಗಿಸಿ ಕೂರಿಸಿ, ಕೆಳಗೆ ಚಕ್ರದ ಬಳಿ ಎಣ್ಣೆ ತುಂಬಿದ ಸಿರಿಂಜು ಸಿಕ್ಕಿಸಿ ನನ್ನ ಕೈಗೆ ಕೊಟ್ಟಳು.

"ನಿಧಾನ. ರೇಷ್ಮೆ ಹೊಲಿಯೋವಾಗ ಪೆಡಲ್ ತುಳೀತೀಯಲ್ಲ, ಹಾಗೆ."

ಅದನ್ನು ನನಗೆ ಹೇಳಿಕೊಡಬೇಕೇ? ಒತ್ತುತ್ತಾ ಹೋದೆ. ಮೇಲಿನ ಬಟ್ಟಲಿನಲ್ಲಿ ಒಂದೊಂದೇ ಗುಳ್ಳೆ ಬಂದು ಒಡೆಯಿತು. ಒಳಗೇ ಅಂಟಿ ಕೂತ ಮೊಂಡು ಗುಳ್ಳೆಗಳಿಗೆ ಅವಳು ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪಿನುದ್ದಕ್ಕೂ ಟಕಟಕ ಬಡಿದಳು. ಗುಳ್ಳೆ ನಿಂತ ಮೇಲೆ ಎಲ್ಲ ಮುಚ್ಚಿ, ಜೋಡಿಸಿ, ಹಿಡಿ ಒತ್ತಿ ನೋಡಿದಳು.

"ಕಲ್ಲು," ಅಂದಳು. ಮುಖ ಊರಗಲ ಆಗಿತ್ತು.

ಡಿಸ್ಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಓಣಿಯಲ್ಲಿ ಒಂದು ಸುತ್ತು ಹೊಡೆದಳು. ಬ್ರೇಕು ಚೆನ್ನಾಗಿ ಹಿಡಿಯಿತು, ಆದರೆ ಕಿರ್ರೋ ಎಂದು ಕೂಗಿತು. ಒಣಗಿದರೆ ಸರಿಹೋಗುತ್ತೆ ಅಂತ ಹೇಳಿ ಅವಳು ಸ್ನಾನಕ್ಕೆ ಹೋದಳು. ನಾನು ಬಟ್ಟೆ ಮಡಚಲು ಒಳಗೆ ಹೋದೆ. ಅಲ್ಲಿಯವರೆಗೂ ಮೂಗು ತೂರಿಸದೆ ಕಾಜಾ ಹೊಲಿಯುತ್ತಿದ್ದ ನಮ್ಮ ಯಜಮಾನರ ಕಿವಿಗೆ ಮಾತ್ರ ಆ ಕಿರ್ ಬಿದ್ದಿತ್ತು.

ಮಗಳು ಸ್ನಾನ ಮುಗಿಸಿ ಬಂದು ಸೈಕಲ್ ಏರಿದಳು. ನಮ್ಮ ಓಣಿಯೇ ಒಂದು ಇಳಿಜಾರು, ಕೊನೆಯಲ್ಲಿ ಇಸ್ತ್ರಿಯವಳ ಅಂಗಡಿ. ಬ್ರೇಕಿನ ಹಿಡಿ ಕಲ್ಲಿನಂತೆಯೇ ಇತ್ತಂತೆ, ಸೈಕಲ್ಲು ಮಾತ್ರ ನಿಲ್ಲಲಿಲ್ಲ. ಹಿಂದಿನ ಬ್ರೇಕಿನ ದಯೆಯಿಂದ ವೇಗ ಇಳಿಯಿತೇನೋ ನಿಜ, ಆದರೂ ಒಣಗಲು ಹಾಕಿದ್ದ ಬೆಡ್‌ಶೀಟುಗಳನ್ನು ಹೊದ್ದುಕೊಂಡೇ ಆಚೆ ಬಂದಳು. ಒಂದು ಗೀರೂ ಆಗಿರಲಿಲ್ಲ. ಇಸ್ತ್ರಿಯವಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬಂದದ್ದು ಮರುದಿನ.

"ಯಾರು ಮುಟ್ಟಿದ್ದು ಇದನ್ನ?"

ಯಜಮಾನರು ಬಾಗಿಲಲ್ಲಿದ್ದರು. ಕೈಯಲ್ಲಿ ಡಬ್ಬಿ.

"ಕಿರ್ ಅಂತಿತ್ತು. ನಾಲ್ಕು ಜನರ ಮುಂದೆ ನಿನಗೆ ನಾಚಿಕೆ ಆಗಬಾರದು ಅಂತ ಒಂದೇ ಒಂದು ಹನಿ..."

"ಅಪ್ಪ, ಪ್ಯಾಡು ಡಿಸ್ಕನ್ನ ಉಜ್ಜೋದ್ರಿಂದ್ಲೇ ಚಕ್ರ ನಿಲ್ಲೋದು. ಎಣ್ಣೆ ಹಾಕಿದ್ರೆ ಜಾರಲ್ವಾ?"

"ಬೆಳಿಗ್ಗೆಯಿಂದ ನೀವಿಬ್ರೂ ಅದಕ್ಕೆ ಎಣ್ಣೆ ತುಂಬ್ತಾನೇ ಇದ್ರಲ್ಲ."

"ಅದು ಪೈಪಿನ ಒಳಗೆ ಅಪ್ಪ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಬಹುದು, ಆದರೆ ಎಣ್ಣೆ ಕುಡಿದ ಪ್ಯಾಡು ಕಸದ ಬುಟ್ಟಿಗೇ ಸರಿ. ಹೊಸದು ಸಿಗುವ ಅಂಗಡಿ ಊರಿನ ಇನ್ನೊಂದು ತುದಿಯಲ್ಲಿತ್ತು. "ಬಿಡಮ್ಮ, ನಾನು ಹೋಗಲ್ಲ," ಎಂದು ಮಗಳು ಮೆಟ್ಟಿಲ ಮೇಲೆ ಕುಸಿದಳು.

ಯಜಮಾನರು ಹಳೇ ಪ್ಯಾಡನ್ನು ಮಾದರಿಗೆಂದು ಕಿಸೆಗೆ ಹಾಕಿಕೊಂಡು, ಕೊರಳಲ್ಲಿ ಅಳತೆ ಟೇಪಿನ ಸಮೇತ ತಮ್ಮ ಹಳೇ ಸೈಕಲ್ ಹತ್ತಿದರು. ಹಲ್ಲುನೋವಿಗೂ ಅಂಗಡಿ ಬಿಟ್ಟು ಕದಲದ ಮನುಷ್ಯ. ಬೆವರಲ್ಲಿ ತೊಯ್ದು ತೊಪ್ಪೆಯಾಗಿ ತಿರುಗಿ ಬಂದಾಗ ಕೈಯಲ್ಲಿ ಹೊಸ ಪ್ಯಾಡಿತ್ತು. ಅಷ್ಟರಲ್ಲಿ ನಾನು ಡಿಸ್ಕನ್ನು ಸ್ಪಿರಿಟ್ಟಿನಿಂದ ತಿಕ್ಕಿ ಫಳಫಳ ಮಾಡಿದ್ದೆ.

ಹೊಸ ಪ್ಯಾಡು ಬಂದ ಕೂಡಲೇ ಹಿಡಿಯುವುದಿಲ್ಲವಂತೆ. ಓಡಿಸಿ ಓಡಿಸಿ ಒತ್ತಿ, ಪಳಗಿಸಬೇಕು. ಮಗಳು ಓಣಿಯ ಮೇಲ್ತುದಿಯಲ್ಲಿ ನಿಂತಳು, ಸೈಕಲ್ ಮಾತ್ರ ಹತ್ತಲಿಲ್ಲ.

"ಕೈಗೆ ಧೈರ್ಯ ಬರ್ತಿಲ್ಲ ಅಮ್ಮ."

ಯಜಮಾನರು ಅದನ್ನು ಕೇಳಿಸಿಕೊಂಡರು. ಇಳಿಜಾರಿನ ಬುಡಕ್ಕೆ ನಡೆದು ಹೋಗಿ, ಓಣಿಯ ನಟ್ಟನಡುವೆ ಕೈಕಟ್ಟಿ ನಿಂತರು.

"ಬಾ. ನನ್ ಮುಂದೆ ನಿಲ್ಸು."

"ಪಕ್ಕಕ್ಕೆ ಹೋಗಿ ಅಪ್ಪ."

"ಎಣ್ಣೆ ಹಾಕಿದೋನು ನಾನು. ಗುದ್ದಿದ್ರೂ ನನಗೇ ಗುದ್ದು."

ಮೊದಲ ಸಲ ಆಮೆಯ ಹಾಗೆ ಬಂದು ಬಹಳ ದೂರದಲ್ಲೇ ಕಾಲೂರಿದಳು. ಆಮೇಲೆ ಸ್ವಲ್ಪ ಜೋರು. ಆಮೇಲೆ ಇನ್ನೂ ಜೋರು. ಅವರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಗಾಳಿಯ ಹಾಗೆ ಬಂದವಳು ಅವರ ಹೆಬ್ಬೆರಳಿನ ಹತ್ತಿರ ಟೈರು ತಂದು ನಿಲ್ಲಿಸಿದಳು, ನಕ್ಕಳು. ಅವರು ಗಂಭೀರವಾಗಿ ತಲೆಯಾಡಿಸಿ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತರು. ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು, ನಾನು ನೋಡಿದೆ. ಆ ಗಳಿಗೆಯಲ್ಲಿ ನನ್ನ ಗಂಡನ ಮೇಲೆ ನನಗೆಷ್ಟು ಪ್ರೀತಿ ಬಂತೆಂದರೆ, ಬೈಯುವುದು ಮರೆತೇ ಹೋಯಿತು.

ಮಧ್ಯಾಹ್ನ ಅವಳೊಬ್ಬಳೇ ಹೋದಳು. ನಾವು ಯಂತ್ರದ ಮುಂದೆ ಕೂತೆವು. ನಾನು ಒಂದು ಅಂಗಿಗೆ ಎಡತೋಳಿನ ಜಾಗಕ್ಕೆ ಬಲತೋಳು ಹಚ್ಚಿದೆ.

ಸಂಜೆ ಬಂದವಳು ಹೆಲ್ಮೆಟ್ ಕೂಡ ತೆಗೆಯದೆ ಮೇಜಿನ ಮೇಲೆ ಕೂತಳು. ಉಳಿದವರೆಲ್ಲ ಗೆರೆಗೆ ಟೈರು ತಾಗಿಸಿ ನಿಲ್ಲಿಸಿದರೆ, ಇವಳು ಒಂದಾಳುದ್ದ ಹಿಂದೆಯೇ ನಿಲ್ಲಿಸಿದ್ದಳಂತೆ. ಇಷ್ಟು ಹಿಂದೆ ಯಾಕೆ ಎಂದು ಪರೀಕ್ಷೆ ಮಾಡಿದವರು ಕೇಳಿದರಂತೆ.

"ನೀನೇನಂದೆ?" ಎಂದೆ.

"ಗೆರೆ ಮೇಲೆ ನಮ್ಮಪ್ಪ ನಿಂತಿದ್ದಾರೆ ಅಂದ್ಕೊಂಡೇ ಬ್ರೇಕ್ ಹಿಡಿದೆ ಅಂದೆ. ಗುಡ್ಡಕ್ಕೆ ಬಂದೋರನ್ನೆಲ್ಲ ನಿಮ್ಮಪ್ಪ ಅಂದ್ಕೊಂಡೇ ಕರ್ಕೊಂಡ್ ಬಾ, ಸೋಮವಾರದಿಂದ ಕೆಲಸಕ್ಕೆ ಸೇರ್ಕೋ ಅಂದ್ರು."

ನನಗೆ ಅಳು ಬಂತು, ಸಂತೋಷಕ್ಕೆ. ಯಜಮಾನರು ತಲೆ ತಗ್ಗಿಸಿ, ಆಗಲೇ ನೂಲು ಪೋಣಿಸಿದ್ದ ಸೂಜಿಗೆ ಮತ್ತೆ ನೂಲು ಪೋಣಿಸತೊಡಗಿದರು.